ಹೆಬ್ಬೆರಳು ಮೊದಲು ಬಿಡಬೇಕು

ನಮ್ಮಣ್ಣನ ಬಲಗೈ ಹೇಗಿತ್ತೆಂದು ನಮ್ಮ ಮನೆಯವರಿಗೆಲ್ಲ ಚೆನ್ನಾಗಿ ಗೊತ್ತಿತ್ತು. ಅವನು ಮುಷ್ಟಿ ಕಟ್ಟಿದರೆ ಹೆಬ್ಬೆರಳು ಹೊರಗಿನಿಂದ ಬಂದು ಉಳಿದ ಬೆರಳುಗಳಿಗೆ ಬೀಗ ಜಡಿದ ಹಾಗೆ ಕೂರುತ್ತಿತ್ತು. ಆ ಕೈಯಿಂದಲೇ ಅತ್ತಿಗುಪ್ಪೆಯ ಗರಡಿಯಲ್ಲಿ ದೊಡ್ಡ ದೊಡ್ಡ ಪೈಲ್ವಾನರನ್ನು ಮಣ್ಣು ಮುಕ್ಕಿಸಿದ್ದ. ಅದೇ ಕೈಯಿಂದ ಕಾರ್ಖಾನೆಯ ಕಮ್ಮಾರಸಾಲೆಯಲ್ಲಿ ಕಾದ ಕಬ್ಬಿಣಕ್ಕೆ ಸುತ್ತಿಗೆ ಬಡಿಯುತ್ತಿದ್ದ. ಅದೇ ಕೈಯಿಂದ ಮನೆಗೆ ಬಂದು ಅತ್ತಿಗೆಯನ್ನು ಹೊಡೆಯುತ್ತಿದ್ದ. ಮೂರನ್ನೂ ಒಂದೇ ಶ್ರದ್ಧೆಯಿಂದ ಮಾಡುತ್ತಿದ್ದ ಎಂದರೆ ಈಗಿನ ನೆಂಟರಿಗೆ ಕಹಿಯಾಗುತ್ತದೆ. ಆಗಲಿ. ನಾನು ಕಣ್ಣಾರೆ ಕಂಡವನು.

ನಮ್ಮದು ಮೂಡಲಪಾಳ್ಯ. ಅಪ್ಪ ನಾನು ತೀರ ಚಿಕ್ಕವನಿದ್ದಾಗಲೇ ಸತ್ತುಹೋಗಿದ್ದ, ಅವನ ಮುಖವೂ ನನಗೆ ಸರಿಯಾಗಿ ನೆನಪಿಲ್ಲ. ರಾಜಾಜಿನಗರ ಎದ್ದು, ಅದರ ಪಕ್ಕದಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಐವತ್ತರ ದಶಕದ ನಡುವಿನಲ್ಲಿ ಅಣ್ಣನಿಗೂ ನನಗೂ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅವನು ಕಮ್ಮಾರಸಾಲೆಗೆ, ನಾನು ಲೇತ್ ಯಂತ್ರಕ್ಕೆ. ಬುತ್ತಿ ಹಿಡಿದು ಇಬ್ಬರೂ ನಡೆದೇ ಹೋಗುತ್ತಿದ್ದೆವು. ಈಗ ಬಸ್ಸು, ಅಂಗಡಿ, ಜನ ಎಂದು ಉಸಿರಾಡಲು ಜಾಗವಿಲ್ಲದ ವಿಜಯನಗರ ಆಗ ರಾಗಿ ಹೊಲ. ಅಣ್ಣ ಮುಂದೆ, ನಾನು ಹಿಂದೆ. ದಾರಿಯಲ್ಲಿ ನಾಯಿ ಅಡ್ಡ ಬಂದರೂ ಒದೆಯುತ್ತಿದ್ದ.

ಅತ್ತಿಗೆ ಕೆಂಗೇರಿ ಕಡೆಯವಳು. ಮದುವೆಯಾಗಿ ಬಂದ ಹೊಸದರಲ್ಲೇ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಣ್ಣ ಅವಳ ಬೆನ್ನಿಗೆ ಗುದ್ದಿದ. ಅವಳು ಒಲೆಯ ಮೇಲೆ ಬಿದ್ದು ಮೊಣಕೈ ಸುಟ್ಟುಕೊಂಡಳು. ಅವ್ವ ಸುಟ್ಟ ಜಾಗಕ್ಕೆ ಬೆಣ್ಣೆ ಹಚ್ಚುತ್ತಾ, "ಗಂಡ್ಸು ಅಂದ್ಮೇಲೆ ಕೈ ಬರ್ತದೆ ಕಣವ್ವಾ. ತಗ್ಗಿ ನಡೀಬೇಕು," ಎಂದಳು. ಇನ್ನೊಮ್ಮೆ ನಾನು ಅಡ್ಡ ಹೋದೆ. ಅಣ್ಣ ನನ್ನ ಕುತ್ತಿಗೆ ಹಿಡಿದು ಒರಳುಕಲ್ಲಿನ ಮೇಲೆ ಎಸೆದ. ನನ್ನ ಮುಂದಿನ ಹಲ್ಲೊಂದು ಅಲ್ಲೇ ಉದುರಿತು. ಮರುದಿನ ಅತ್ತಿಗೆ ನೀರು ಸೇದುತ್ತಾ ನನ್ನ ಕಡೆ ತಿರುಗದೆಯೇ ಹೇಳಿದಳು: "ನೀವು ಮಧ್ಯೆ ಬರ್ಬೇಡಿ. ನೀವು ಬಂದ್ರೆ ನಂಗೆ ಇನ್ನೆರಡು ಜಾಸ್ತಿ ಬೀಳ್ತವೆ." ನಾನು ಮಧ್ಯೆ ಬರುವುದನ್ನು ನಿಲ್ಲಿಸಿದೆ. ಆದರೆ ಅಣ್ಣ ಮಲಗಿದ್ದಾಗ ಅವನ ತಲೆಗೆ ಅವನದೇ ಸುತ್ತಿಗೆಯಿಂದ ಹೊಡೆದರೆ ಹೇಗೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಸುಮ್ಮನೆ ಬಂದು ಹೋಗುವ ಯೋಚನೆಯಲ್ಲ ಅದು. ಯಾವ ಕಡೆಯಿಂದ ಹೊಡೆಯಬೇಕು ಎನ್ನುವವರೆಗೂ ಹೋಗುತ್ತಿತ್ತು.

ಹೀಗಿರುವಾಗ ಕಾರ್ಖಾನೆಯಲ್ಲಿ ಒಂದು ಆಟ ಶುರುವಾಯಿತು. ಯಂತ್ರ ಕೂರಿಸಲು ಬಂದಿದ್ದ ಅಮೆರಿಕದ ಇಂಜಿನಿಯರೊಬ್ಬರು ಬೇಸರ ಕಳೆಯಲು ಹಳೆಯ ಉಗ್ರಾಣದಲ್ಲಿ ಉದ್ದನೆಯ ಹಲಗೆ ಹಾಸು ಮಾಡಿಸಿದರು. ಅದರ ತುದಿಯಲ್ಲಿ ಸೀಸೆಯ ಆಕಾರದ ಮರದ ಹತ್ತು ಪಿನ್ನುಗಳನ್ನು ತ್ರಿಕೋನದಲ್ಲಿ ನಿಲ್ಲಿಸುವುದು. ಮುಂದೆ ಒಂದು, ಅದರ ಹಿಂದೆ ಎರಡು, ಆಮೇಲೆ ಮೂರು, ಕೊನೆಯ ಸಾಲಿನಲ್ಲಿ ನಾಲ್ಕು. ಈ ತುದಿಯಿಂದ ಭಾರದ ಚೆಂಡನ್ನು ಉರುಳಿಸಿ ಅವನ್ನು ಬೀಳಿಸಬೇಕು. ಪಿನ್ನುಗಳನ್ನೂ ಬೀಟೆ ಮರದ ಚೆಂಡನ್ನೂ ಲೇತ್‌ನಲ್ಲಿ ಕಡೆದುಕೊಟ್ಟವನು ನಾನೇ. ಚೆಂಡಿಗೆ ಮೂರು ತೂತು, ಹೆಬ್ಬೆರಳಿಗೆ ಒಂದು, ನಡುವಿನ ಎರಡು ಬೆರಳಿಗೆ ಎರಡು. ಇಂಜಿನಿಯರ್ ನನ್ನ ಮಣಿಕಟ್ಟು ಹಿಡಿದುಕೊಂಡು ಎಸೆಯುವುದನ್ನು ಕಲಿಸಿದರು, ಅವರ ಕೆಲಸ ಮುಗಿಯಿತು, ಊರಿಗೆ ಹೊರಟುಹೋದರು. ಆಟ ನಮಗೆ ಉಳಿಯಿತು. ಶನಿವಾರ ಅರ್ಧ ದಿನದ ಕೆಲಸ ಮುಗಿದ ಮೇಲೆ ಕಮ್ಮಾರಸಾಲೆಯವರಿಗೂ ಎರಕದ ಮನೆಯವರಿಗೂ ಪಂದ್ಯ.

ಅಣ್ಣನಿಗೆ ಆ ಆಟದ ಹುಚ್ಚು ಹಿಡಿಯಿತು. ಪಿನ್ನುಗಳು ಸಿಡಿದು ಗೋಡೆಗೆ ಬಡಿಯುವ ಸದ್ದು ಅವನಿಗೆ ಅಷ್ಟು ಇಷ್ಟ. ಅವನು ಚೆಂಡು ಎಸೆದರೆ ಹಲಗೆ ನಡುಗುತ್ತಿತ್ತು. ಒಮ್ಮೆ ಒಂದು ಪಿನ್ನು ಉದ್ದಕ್ಕೆ ಸೀಳಿ ಅದರ ಚೂರು ಹೋಗಿ ಆಚೆ ನಿಂತವನ ಹುಬ್ಬು ಹರಿದಿತ್ತು. ಅಣ್ಣ ನಕ್ಕ. ಆದರೆ ಗೆಲ್ಲುತ್ತಿದ್ದವನು ಅವನಲ್ಲ. ಎರಕದ ಮನೆಯ ಒಬ್ಬ ಅಚ್ಚುಗಾರ ಗೆಲ್ಲುತ್ತಿದ್ದ. ದಾವಣಗೆರೆ ಕಡೆಯವನು, ವಿಭೂತಿ ಇಟ್ಟುಕೊಂಡು ಬರುತ್ತಿದ್ದ ತೆಳ್ಳಗಿನ ಮನುಷ್ಯ, ಬಾಯಿ ಮಾತ್ರ ಜೋರು.

ಯಾಕೆ ಹೀಗೆಂದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಅಣ್ಣ ಅಂಗೈಯನ್ನು ಚೆಂಡಿನ ನೇರ ಹಿಂದೆ ಇಟ್ಟು, ಎಲ್ಲ ಬೆರಳನ್ನೂ ಒಟ್ಟಿಗೆ ಬಿಡುತ್ತಿದ್ದ. ಚೆಂಡು ನೆಟ್ಟಗೆ ಹೋಗಿ ಮುಂದಿನ ಪಿನ್ನಿನ ಎದೆಗೇ ಬಡಿದು, ನಡುವೆ ದಾರಿ ಮಾಡಿಕೊಂಡು ಹೋಗುತ್ತಿತ್ತು. ನಡುವಿನವೆಲ್ಲ ನೆಲಸಮ. ಹಿಂದಿನ ಎರಡು ಮೂಲೆಯಲ್ಲಿ ಒಂದೊಂದು ಪಿನ್ನು ಹಾಗೇ ನಿಂತಿರುತ್ತಿತ್ತು. ಎರಡನೆಯ ಎಸೆತದಲ್ಲಿ ಒಂದನ್ನು ಬೀಳಿಸಿದರೆ ಇನ್ನೊಂದು ಉಳಿಯುತ್ತಿತ್ತು. ಅಚ್ಚುಗಾರ ಹಾಗಲ್ಲ. ಅವನ ಚೆಂಡು ಬಲಗಡೆಗೆ ಹೊರಟು, ಎಣ್ಣೆ ಸವರಿದ ಮೊದಲರ್ಧದ ಹಲಗೆಯ ಮೇಲೆ ಜಾರುತ್ತಾ ಹೋಗಿ, ಒಣ ಹಲಗೆ ಸಿಕ್ಕ ಕೂಡಲೇ ಕಚ್ಚಿಕೊಂಡು ಎಡಕ್ಕೆ ತಿರುಗುತ್ತಿತ್ತು. ಮುಂದಿನ ಪಿನ್ನಿಗೂ ಅದರ ಬಲಮಗ್ಗುಲಿನದಕ್ಕೂ ನಡುವಿನ ಸಂದಿಗೆ ಓರೆಯಾಗಿ ನುಗ್ಗುತ್ತಿತ್ತು. ಆಗ ಒಂದು ಇನ್ನೊಂದನ್ನು, ಅದು ಮತ್ತೊಂದನ್ನು ಹೊಡೆದುಕೊಂಡು ಎಲ್ಲವೂ ಮಲಗುತ್ತಿದ್ದವು.

ಒಂದು ಶನಿವಾರ ಮೂಲೆಯ ಎರಡು ಪಿನ್ನು ನಿಂತಾಗ ಅಚ್ಚುಗಾರ, "ಏನ್ರೀ ಪೈಲ್ವಾನ್ರ, ಮುದುಕೀ ಬಾಯಾಗ ಎರಡು ಹಲ್ಲು ಬಿಟ್ಟಂಗ ಬಿಟ್ರಲ್ಲ," ಎಂದ. ಎಲ್ಲರೂ ನಕ್ಕರು. ಅಣ್ಣ ಬುತ್ತಿ ಎತ್ತಿಕೊಂಡು ಹೊರಟ. ಹಿಂದೊಮ್ಮೆ ಒಬ್ಬನ ದವಡೆ ಮುರಿದದ್ದಕ್ಕೆ ಕಾರ್ಖಾನೆಯವರು ಅವನಿಗೆ ಕೊನೆಯ ಎಚ್ಚರಿಕೆ ಕೊಟ್ಟಿದ್ದರು. ಅಲ್ಲಿ ಯಾರ ಮೈ ಮುಟ್ಟಿದರೂ ಕೆಲಸ ಹೋಗುತ್ತಿತ್ತು. ಅದಕ್ಕೇ ಮನೆಯವರೆಗೂ ಕಾದ. ಬಾಗಿಲು ದಾಟಿದವನೇ, ಕಾಲು ತೊಳೆಯಲು ನೀರು ತಂದ ಅತ್ತಿಗೆಯ ಬಾಯಿಗೆ ಗುದ್ದಿದ. ಚೊಂಬು ಅಂಗಳದವರೆಗೆ ಉರುಳಿತು. ಅವಳು ಬಿದ್ದಲ್ಲೇ ಕೂತು ಸೆರಗಿನಿಂದ ರಕ್ತ ಒರೆಸಿಕೊಂಡಳು. ಯಾಕೆ ಹೊಡೆದಿರಿ ಎಂದು ಕೇಳುವುದನ್ನು ಅವಳು ಆಗಲೇ ಬಿಟ್ಟಿದ್ದಳು.

ಮುಂದಿನ ಶನಿವಾರ ಅಚ್ಚುಗಾರ ರಜೆ. ಅಣ್ಣ ಗೆದ್ದ. ಬರುವಾಗ ಕನಕಾಂಬರ ತಂದ, ಉಂಡ, ಗೊರಕೆ ಹೊಡೆದ. ಅದಾದ ಮೇಲೆ ನಾನು ಪ್ರತಿ ಶನಿವಾರ ಗಮನಿಸಿದೆ. ಲೆಕ್ಕ ತಪ್ಪಲಿಲ್ಲ. ಉಗ್ರಾಣದಲ್ಲಿ ಆ ಚೆಂಡು ಅಣ್ಣನ ಕೈ ಬಿಡುವ ರೀತಿಯಲ್ಲಿ ಅತ್ತಿಗೆಯ ಸಂಜೆ ನಿರ್ಧಾರವಾಗುತ್ತಿತ್ತು. ಬೇರೆಯವರಿಗೆ ಅದು ಆಟ. ನನಗೆ ಪಿನ್ನು ಎದ್ದು ನಿಂತಿರುವುದನ್ನು ಕಂಡರೆ ಅತ್ತಿಗೆಯ ಒಡೆದ ತುಟಿಯೇ ಕಾಣುತ್ತಿತ್ತು.

ಕಲಿಸಿಬಿಡೋಣ ಎಂದುಕೊಂಡೆ. ಮಧ್ಯೆ ಹೋಗಿ ಏಟು ತಡೆಯಲು ಆಗುವುದಿಲ್ಲ, ಗೆಲ್ಲುವುದನ್ನಾದರೂ ಕಲಿಸಬಹುದಲ್ಲ. ಕಲಿಸಲೇ ಎಂದು ಕೇಳಿದ್ದಕ್ಕೆ ಅಣ್ಣ ಮೊದಲು ಬೈದ. "ಓರೆ ಹೋಗೋ ಚೆಂಡು ಹೇಡಿಗಳ್ದು ಕಣ್ಲಾ. ಹೊಡುದ್ರೆ ಎದೆಗೇ ಹೊಡೀಬೇಕು." ಇನ್ನೆರಡು ಸಲ ಸೋತ ಮೇಲೆ ತಾನೇ ಬಂದು, ಮುಖ ಆ ಕಡೆ ತಿರುಗಿಸಿ, "ಅದೇನೋ ತೋರ್ಸು," ಎಂದ.

ಕೆಲಸ ಬಿಟ್ಟ ಮೇಲೆ ಉಗ್ರಾಣದಲ್ಲಿ ಇಬ್ಬರೇ ನಿಲ್ಲುತ್ತಿದ್ದೆವು. ಅಂಗೈಯನ್ನು ಚೆಂಡಿನ ಹಿಂದೆ ಅಲ್ಲ, ಸ್ವಲ್ಪ ಬಲಮಗ್ಗುಲಿಗೆ ಇಡು ಎಂದೆ, ಬಾವಿಯಿಂದ ಬಂದ ಬಿಂದಿಗೆಯನ್ನು ಪಕ್ಕದಿಂದ ತಬ್ಬಿ ಎತ್ತುವ ಹಾಗೆ. ಕೈ ಹಿಂದಿನಿಂದ ತೂಗಿ ಕಾಲಿನ ಹತ್ತಿರ ಬಂದಾಗ ಹೆಬ್ಬೆರಳು ಮೊದಲು ಹೊರಗೆ ಬರಬೇಕು. ಒಂದು ಗಳಿಗೆ ಚೆಂಡಿನ ಭಾರವೆಲ್ಲ ಎರಡು ಬೆರಳ ಮೇಲೆ. ಆಗ ಆ ಎರಡು ಬೆರಳು ಚೆಂಡನ್ನು ಮೇಲಕ್ಕೆ ಮೀಟಿ ಪಕ್ಕಕ್ಕೆ ತಿರುವಬೇಕು. ಆ ತಿರುವೇ ಚೆಂಡಿನೊಳಗೆ ಕೂತುಕೊಂಡು ಹೋಗುತ್ತದೆ, ಒಣ ಹಲಗೆ ಸಿಕ್ಕಾಗ ಕೆಲಸ ಮಾಡುತ್ತದೆ. ಹೆಬ್ಬೆರಳು ತಡವಾದರೆ ತಿರುವು ಇಲ್ಲ, ಚೆಂಡು ದೊಪ್ಪನೆ ಬೀಳುತ್ತದೆ. ಕೈಯನ್ನು ಬೇಗ ತಿರುಗಿಸಿಬಿಟ್ಟರೆ ಬುಗುರಿಯ ಹಾಗೆ ನಿಂತಲ್ಲೇ ಸುತ್ತುತ್ತದೆ, ಕಚ್ಚುವುದಿಲ್ಲ. ಮುಖ್ಯವಾಗಿ, ಸಿಟ್ಟಿನಿಂದ ಎಸೆಯಬಾರದು. ವೇಗ ಹೆಚ್ಚಾದರೆ ಒಣ ಹಲಗೆಯನ್ನೂ ಹಾರಿಕೊಂಡೇ ದಾಟುತ್ತದೆ, ತಿರುಗಲು ಹೊತ್ತೇ ಸಿಗುವುದಿಲ್ಲ.

"ಹೆಬ್ಬೆಟ್ಟು ಬಿಟ್ರೆ ಹಿಡ್ತ ಎಲ್ಲೈತೆ?" ಎಂದು ಅಣ್ಣ ರೇಗಿದ. ಗರಡಿಯಲ್ಲಿ ಅವನಿಗೆ ಚಿಕ್ಕಂದಿನಿಂದ ಕಲಿಸಿದ್ದೇ ಅದು, ಪ್ರಾಣ ಹೋದರೂ ಹೆಬ್ಬೆರಳು ಬಿಡಬಾರದು. ಇನ್ನೊಂದು ಅಭ್ಯಾಸವೂ ಇತ್ತು. ಅಖಾಡದ ಕೆಮ್ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ ಸೊಂಟದಲ್ಲಿ ಇಟ್ಟುಕೊಂಡಿರುತ್ತಿದ್ದ. ಏನನ್ನು ಹಿಡಿಯುವ ಮೊದಲೂ ಚಿಟಿಕೆ ತೆಗೆದು ಅಂಗೈಗೆ ಉಜ್ಜಿಕೊಳ್ಳುತ್ತಿದ್ದ. ಎದುರಾಳಿಯ ಬೆವರಿನ ಮೈ ಜಾರಬಾರದೆಂದು ಪೈಲ್ವಾನರು ಮಾಡುವ ಕೆಲಸ ಅದು, ಅವನಿಗೆ ಅದೇ ದೇವರ ಪ್ರಸಾದ. ಚೆಂಡು ಮುಟ್ಟುವಾಗ ಮಾತ್ರ ಮಣ್ಣು ಬೇಡ, ತೂತಿನಲ್ಲಿ ಬೆರಳು ಕಚ್ಚಿಕೊಳ್ಳುತ್ತದೆ ಎಂದೆ. ಗೊಣಗಿಕೊಂಡೇ ಬಿಟ್ಟ. ಕೊನೆಗೊಂದು ಸಂಜೆ ಚೆಂಡು ಅವನ ಕೈಯಿಂದ ಸದ್ದಿಲ್ಲದೆ ಜಾರಿ, ಬಲಕ್ಕೆ ಹೋಗಿ, ಕಚ್ಚಿ, ತಿರುಗಿ, ಹತ್ತನ್ನೂ ಕೆಡವಿತು. ಅಣ್ಣ ತನ್ನ ಕೈಯನ್ನು ತಾನೇ ತಿರುಗಿಸಿ ನೋಡಿಕೊಂಡ. ಅವನ ಮುಖದಲ್ಲಿ ಅಷ್ಟು ಮೆದುತನವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆಮೇಲೆ ಕೆಲವು ಶನಿವಾರಗಳು ಚೆನ್ನಾಗಿದ್ದವು. ಅತ್ತಿಗೆಯ ತುಟಿಯ ಗಾಯ ಒಣಗಿತು. ಒಂದು ದಿನ ಅವಳು, "ಅದೇನು ಹೇಳ್ಕೊಟ್ರಿ ಅವ್ರಿಗೆ?" ಎಂದು ಕೇಳಿದಳು. ನಾನು ಚೊಂಬು ಹಿಡಿದು ತೋರಿಸಿದೆ. ಅವಳೂ ಹಿಡಿದು ನೋಡಿದಳು. "ಅಷ್ಟೆಲ್ಲ ಬಲ ಇರೋದು ಈ ಒಂದು ಹೆಬ್ಬೆಟ್ನಲ್ಲಾ?" ಎಂದು ತನ್ನ ಹೆಬ್ಬೆರಳನ್ನು ಮಡಚಿ ಬಿಚ್ಚಿ ನೋಡಿಕೊಂಡಳು.

ಆಯುಧಪೂಜೆ ಬಂತು. ಕಾರ್ಖಾನೆಯಲ್ಲಿ ಯಂತ್ರಗಳಿಗೆಲ್ಲ ಬಾಳೆಕಂದು, ಕುಂಕುಮ. ಬಾಗಿಲಲ್ಲಿ ಬೂದುಗುಂಬಳ ಒಡೆದು ನೆಲವೆಲ್ಲ ಕೆಂಪಾಗಿತ್ತು. ಬೀಟೆಯ ಚೆಂಡಿಗೂ ಯಾರೋ ಕುಂಕುಮ ಹಚ್ಚಿದ್ದರು. ಪೂಜೆಯಾದ ಮೇಲೆ ಎರಡು ಸಾಲೆಯವರಿಗೂ ದೊಡ್ಡ ಪಂದ್ಯ. ಅಣ್ಣ ಬೆಳಗ್ಗೆಯೇ ಗರಡಿಗೆ ಹೋಗಿ ಅಲ್ಲಿನ ಪೂಜೆ ಮುಗಿಸಿ, ಹೊಸ ಮಣ್ಣು ಕಟ್ಟಿಕೊಂಡು ಬಂದಿದ್ದ.

ಪಂದ್ಯ ಸಮಸಮ ನಡೆಯಿತು. ಕೊನೆಯ ಸರದಿ ಅಣ್ಣನದು. ಹತ್ತೂ ಬಿದ್ದರೆ ಗೆಲುವು. ಅವನು ಚೆಂಡು ಎತ್ತಿಕೊಳ್ಳುತ್ತಿದ್ದಾಗ ಅಚ್ಚುಗಾರ ಹಿಂದಿನಿಂದ, "ಹಿಂದಿನ ಪದ್ಧತಿ ಮರೀಬ್ಯಾಡ್ರಿ ಪೈಲ್ವಾನ್ರ, ಎರಡು ಉಳಸ್ರಿ," ಎಂದ. ನಗು ಎದ್ದಿತು. ಅಣ್ಣನ ಕತ್ತಿನ ನರ ಉಬ್ಬಿದ್ದು ನನಗೆ ಕಂಡಿತು. ಅವನು ಚೆಂಡು ಕೆಳಗಿಟ್ಟ. ಸೊಂಟದ ಗಂಟು ಬಿಚ್ಚಿದ. ಪೂಜೆಯ ಮಣ್ಣನ್ನು ಹಣೆಗೆ ಒತ್ತಿಕೊಂಡು, ಅಂಗೈಗೆ ಉಜ್ಜಿಕೊಂಡು, ಉಳಿದದ್ದನ್ನು ಹೆಬ್ಬೆರಳಿನ ತೂತಿನೊಳಗೇ ಉದುರಿಸಿದ. "ಅಣ್ಣಾ, ಬ್ಯಾಡ, ಒರೆಸ್ಕೊ," ಎಂದು ನಾನು ಕೂಗಿದೆ. ಅವನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಓಡಿದ. ಕೈ ಹಿಂದಕ್ಕೆ ಹೋಗಿ, ಇದ್ದಬದ್ದ ಬಲವನ್ನೆಲ್ಲ ಹೊತ್ತು ಮುಂದೆ ಬಂತು. ಬೆವರಿಗೆ ಮಣ್ಣು ಕಲೆತು ಅಂಟಾಗಿತ್ತು. ಎರಡು ಬೆರಳು ಹೊರಗೆ ಬಂದವು, ಮೀಟಿದವು, ತಿರುವಿದವು. ಹೆಬ್ಬೆರಳು ಬರಲಿಲ್ಲ. ಆ ಭಾರ, ಆ ವೇಗ, ಆ ತಿರುವು ಎಲ್ಲವೂ ಒಂದು ಬೆರಳಿನ ಬುಡದಲ್ಲಿ ಮುಗಿದವು. ಹಸಿ ಕಬ್ಬು ಮುರಿದಂಥ ಸದ್ದು ಉಗ್ರಾಣದ ಆ ತುದಿಯವರೆಗೂ ಕೇಳಿಸಿತು. ಅಣ್ಣ ಚೆಂಡಿನ ಜೊತೆಗೇ ಮುಗ್ಗರಿಸಿ ಎಣ್ಣೆ ಹಲಗೆಯ ಮೇಲೆ ಎದೆಯಡಿಯಾಗಿ ಜಾರಿಕೊಂಡು ಹೋದ. ಚೆಂಡು ಕಳಚಿಕೊಂಡು ಹಲಗೆಯ ಪಕ್ಕ ತೋಡಿದ್ದ ಕಾಲುವೆಗೆ ಬಿತ್ತು. ಒಂದು ಪಿನ್ನೂ ಅಲುಗಲಿಲ್ಲ.

ಮೊದಲು ಓಡಿಬಂದು ಎತ್ತಿದವನು ಅಚ್ಚುಗಾರ. ಅಣ್ಣ ಎದ್ದವನೇ ಅವನ ಮುಖಕ್ಕೆ ಬಲಗೈ ಬೀಸಿದ. ಮುಷ್ಟಿ ಕೂಡಲಿಲ್ಲ, ಹೆಬ್ಬೆರಳು ಮಣಿಕಟ್ಟಿನ ಕಡೆಗೆ ಮಡಚಿ ಜೋತಾಡುತ್ತಿತ್ತು. ಕಿರುಚಿಕೊಂಡು ಎಡಗೈಯಿಂದ ಗುದ್ದಿದ. ಅಚ್ಚುಗಾರನ ಮೂಗಿನಿಂದ ರಕ್ತ ಅಂಗಿಯ ಮೇಲೆ ಸುರಿಯಿತು. ಹಿಡಿದುಕೊಂಡ ನಾಲ್ಕು ಜನರನ್ನೂ ಒದ್ದ, ಒಬ್ಬನ ಭುಜ ಕಚ್ಚಿದ. ಮೂಗು ಒರೆಸಿಕೊಳ್ಳುತ್ತಲೇ ಜಟಕಾ ತರಿಸಿದವನು ಅದೇ ಅಚ್ಚುಗಾರ. ತನ್ನ ಮೂಗು ಒಡೆದದ್ದು ತಾನೇ ಎಡವಿ ಬಿದ್ದು ಎಂದು ಮೇಲಿನವರಿಗೆ ಹೇಳಿ ಅಣ್ಣನ ಕೆಲಸವನ್ನೂ ಉಳಿಸಿದ. ಅಣ್ಣ ಅವನನ್ನು ಆಮೇಲೂ ಬೈಯುತ್ತಲೇ ಇದ್ದ.

ಕೆಂಗೇರಿ ದಾರಿಯಲ್ಲಿ ಮೂಳೆ ಕೂಡಿಸುವ ನಾಟಿ ವೈದ್ಯರೊಬ್ಬರಿದ್ದರು. ಅತ್ತಿಗೆಯ ತವರಿನವರಿಗೆ ಗೊತ್ತಿದ್ದವರು. ಬೆರಳನ್ನು ಎಳೆದು ಕೂರಿಸುವಾಗ ಅಣ್ಣ ಗೂಳಿಯ ಹಾಗೆ ಬೊಬ್ಬೆ ಹೊಡೆದ. ಸೊಪ್ಪಿನ ರಸ, ಕೋಳಿಮೊಟ್ಟೆಯ ಬಿಳಿ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿದರು. "ವಾರಕ್ಕೊಂದ್ಸಲ ಬಿಚ್ಚಿ ಔಷಧಿ ಹಾಕಿ ಮತ್ತೆ ಕಟ್ಬೇಕು. ಕಟ್ಟು ಬಿಗಿಯಾಗಿರ್ಬೇಕಮ್ಮಾ. ಸಡಿಲ ಬಿಟ್ರೆ ಸೊಟ್ಟಗೆ ಕೂಡ್ತದೆ. ಕೆಲ್ಸಕ್ಕೇನೂ ತೊಂದ್ರೆ ಇಲ್ಲ, ಮುಷ್ಟಿ ಮಾತ್ರ ಆಗಲ್ಲ," ಎಂದು ಅತ್ತಿಗೆಗೆ ಹೇಳಿದರು. ಮನೆಯಲ್ಲಿ ಕಟ್ಟು ಕಟ್ಟುವುದು ಹೆಂಗಸರ ಕೆಲಸ. ಅತ್ತಿಗೆ ಗಮನವಿಟ್ಟು ಕೇಳಿದಳು. ಆಮೇಲೆ ಮೆಲ್ಲಗೆ, "ಎಷ್ಟು ಸಡಿಲ ಆದ್ರೆ ಸೊಟ್ಟ ಆಗ್ತದೆ ಸೋಮಿ?" ಎಂದಳು. ಭಯದಿಂದ ಕೇಳುತ್ತಿದ್ದಾಳೆಂದು ವೈದ್ಯರು ತಿಳಿದರು. ಕಟ್ಟಿನ ಕೆಳಗೆ ಒಂದು ಕಿರುಬೆರಳು ತೂರಿಸಲು ನೋಡಿ, "ಇದು ಹೋಯ್ತು ಅಂದ್ರೆ ಸಡಿಲ," ಎಂದು ತೋರಿಸಿದರು.

ಮನೆಯಲ್ಲಿ ಅವಳು ಕಟ್ಟು ಬದಲಿಸುವುದನ್ನು ನಾನು ನೋಡಿದ್ದೇನೆ. ಜಗಲಿಯ ಮೇಲೆ ಅಣ್ಣನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಔಷಧಿ ಹಚ್ಚುತ್ತಿದ್ದಳು, ದಬ್ಬೆ ಇಡುತ್ತಿದ್ದಳು, ಬಟ್ಟೆ ಸುತ್ತುತ್ತಿದ್ದಳು. ಗಂಟು ಹಾಕುವ ಮುನ್ನ ಕಿರುಬೆರಳನ್ನು ಕೆಳಗೆ ತೂರಿಸಿ ನೋಡುತ್ತಿದ್ದಳು. ಹೋಗುತ್ತಿತ್ತು. ಆಗ ಗಂಟು ಹಾಕುತ್ತಿದ್ದಳು. "ಬಿಗಿಯಾಗಿ ಕಟ್ಟೇ," ಎಂದು ಅಣ್ಣ ಕಾಲಿನಿಂದ ಅವಳ ತೊಡೆಗೆ ಒದೆಯುತ್ತಿದ್ದ. "ಬಿಗಿ ಮಾಡುದ್ರೆ ರಕ್ತ ನಿಂತೋಗ್ತದೆ," ಎನ್ನುತ್ತಿದ್ದಳು. ಅವಳು ಒಮ್ಮೆ ತಲೆಯೆತ್ತಿದಾಗ ನಾನು ನೋಡುತ್ತಿರುವುದು ಕಂಡಿತು. ಕಣ್ಣು ತಪ್ಪಿಸಲಿಲ್ಲ. ನಾನೂ ತಪ್ಪಿಸಲಿಲ್ಲ. ನನಗೆ ಹೆದರಿಕೆಯೂ ಆಯಿತು, ಸಂತೋಷವೂ ಆಯಿತು. ಸಂತೋಷವೇ ಹೆಚ್ಚು.

ಕಟ್ಟು ಪೂರ್ತಿ ಬಿಚ್ಚಿದ ದಿನ ವೈದ್ಯರು ಬೆರಳನ್ನು ತಿರುಗಿಸಿ ನೋಡಿ ನಾಲಿಗೆ ಲೊಚಗುಟ್ಟಿದರು. ಹೆಬ್ಬೆರಳು ಹೊರಕ್ಕೆ ವಾಲಿಕೊಂಡು ಗಟ್ಟಿಯಾಗಿತ್ತು. "ಕಟ್ಟಿದ್ಯಾರು?" ಎಂದರು. "ನಾನೇ," ಎಂದಳು ಅತ್ತಿಗೆ. ಅಣ್ಣ ತಿರುಗಿ ಅವಳನ್ನು ನೋಡಿದ. ಎದುರಾಳಿ ಎಲ್ಲಿ ಪಟ್ಟು ಹಾಕಿದ ಎಂದು ಹುಡುಕುವ ಪೈಲ್ವಾನನ ನೋಟ ಅದು. ಅವನಿಗೆ ತಿಳಿದುಹೋಯಿತು. ಮನೆಯವರೆಗೂ ನಾನು ಅವರಿಬ್ಬರ ನಡುವೆ ನಡೆದೆ. ಜೇಬಿನಲ್ಲಿ ಲೇತ್‌ನ ಉಳಿ ಇಟ್ಟುಕೊಂಡಿದ್ದೆ. ಇವತ್ತು ಅವನು ಕೊಲ್ಲಲು ಹೋದರೆ ಚುಚ್ಚಿಯೇ ಬಿಡುತ್ತೇನೆಂದು ನಿರ್ಧರಿಸಿದ್ದೆ.

ಅಂಗಳಕ್ಕೆ ಬಂದ ಕೂಡಲೇ ಅವನು ನನ್ನನ್ನು ಪಕ್ಕಕ್ಕೆ ತಳ್ಳಿ ಕೈ ಎತ್ತಿದ. ಅತ್ತಿಗೆ ಯಾವಾಗಲೂ ಮುಖ ಮುಚ್ಚಿಕೊಂಡು ಕುಕ್ಕರಿಸುತ್ತಿದ್ದವಳು ಅವತ್ತು ನಿಂತೇ ಇದ್ದಳು.

"ಹೊಡೀರಿ," ಎಂದಳು.

ನಾಲ್ಕು ಬೆರಳು ಮಡಚಿದವು. ಹೆಬ್ಬೆರಳು ದೂರವೇ ನಿಂತಿತು. ಹಾಗೇ ಗುದ್ದಿದ. ಏಟು ಅವಳ ಭುಜಕ್ಕೆ ಬಿದ್ದು ಸೊಟ್ಟ ಮೂಳೆ ಅವನಿಗೇ ತಿರುಗಿ ಹೊಡೆಯಿತು. ಅಣ್ಣ ಕೈಯನ್ನು ಹೊಟ್ಟೆಗೆ ಅವುಚಿಕೊಂಡು ಮೊಣಕಾಲೂರಿದ. ಅತ್ತಿಗೆ ಒಂದು ಹೆಜ್ಜೆ ಮುಂದೆ ಬಂದು, "ಎಡಗೈನೂ ಎತ್ತಿ ನೋಡಿ. ಅದ್ಕೂ ಕಟ್ಟು ಕಟ್ಟೋಳು ನಾನೇ," ಎಂದಳು. ದನಿ ಏರಿಸಲಿಲ್ಲ. ಆಮೇಲೆ ಒಳಗೆ ಹೋಗಿ ಮುದ್ದೆ ತಿರುವಲು ಕೂತಳು.

ಅಣ್ಣ ಮತ್ತೆ ಅವಳನ್ನು ಮುಟ್ಟಲಿಲ್ಲ. ಒಳ್ಳೆಯವನೇನೂ ಆಗಲಿಲ್ಲ, ಕೊನೆಯವರೆಗೂ ಬಾಯಿಯಿಂದ ಸುಡುತ್ತಿದ್ದ. ಆದರೆ ಮುಟ್ಟಲಿಲ್ಲ.

ಅವ್ವ ಅಷ್ಟನ್ನೂ ಬಾಗಿಲ ಬಳಿ ಎಲೆಯಡಿಕೆ ಹಾಕಿಕೊಳ್ಳುತ್ತಾ ನೋಡಿದ್ದಳು. ಅವತ್ತು ಅವಳ ಬಾಯಿಂದ ತಗ್ಗಿ ನಡೆಯುವ ಮಾತು ಬರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ಮಗನ ಕೈ ಹಾಳಾಯಿತೆಂದು ಅಳುತ್ತಾಳೇನೋ, ಸೊಸೆಯನ್ನು ಶಪಿಸುತ್ತಾಳೇನೋ ಎಂದುಕೊಂಡೆ. ಅವಳು ಎಲೆಯಡಿಕೆ ಉಗಿದು, ಒಳಗೆ ಕೋಲು ತಿರುವುವ ಸದ್ದಿನ ಕಡೆ ಕಿವಿ ಕೊಟ್ಟಳು.

"ನಿಮ್ಮಪ್ಪನ ಕೈನೂ ಒಂದ್ಸಲ ಮುರ್ದಿತ್ತು ಕಣೋ," ಎಂದಳು. "ಕಟ್ಟು ನಾನೇ ಕಟ್ಟಿದ್ದು. ಬಿಗಿಯಾಗಿ ಕಟ್ಟಿದ್ದೆ."